ತಿಮ್ಮಾಜಮ್ಮನ ಗಾಡಿಯ ತೂಕ

ನಮ್ಮ ಪುರಸಭೆಯ ಕಾಂಪೌಂಡ್ ಗೋಡೆಯ ಮೇಲೆ ಎರಡೇ ಬರಹಗಳಿವೆ. ಒಂದು, ಇಲ್ಲಿ ಮೂತ್ರ ಮಾಡಬಾರದು ಎಂಬುದು. ಅದನ್ನು ಯಾರೂ ಪಾಲಿಸುವುದಿಲ್ಲ. ಇನ್ನೊಂದು, ಕ್ರೇನಿಗೆ ಎದ್ದರೆ ವಾಹನ, ಏಳದಿದ್ದರೆ ಮನೆ ಎಂಬುದು. ಅದನ್ನು ಎಲ್ಲರೂ ಪಾಲಿಸುತ್ತಾರೆ, ಪಾಲಿಸದೆ ಬೇರೆ ದಾರಿಯಿಲ್ಲ. ಆ ಕ್ರೇನಿಗೆ ಕೊಕ್ಕೆ ಹಾಕುವವನು ನಾನು. ಹೆಸರು ಈರಯ್ಯ. ಊರಿನವರೆಲ್ಲ ಕೊಕ್ಕೆ ಈರಯ್ಯ ಎನ್ನುತ್ತಾರೆ, ಸಿಟ್ಟು ಬಂದಾಗ ನನ್ನ ಹೆಂಡತಿಯೂ ಹಾಗೆಯೇ ಕರೆಯುತ್ತಾಳೆ.

ನಮ್ಮೂರಿನಲ್ಲಿ ಗಾಡಿಗೆ ತೂಕ ಕೊಡುವುದು ಅದರೊಳಗೆ ಮಲಗಿದವರ ನಿದ್ದೆ. ಅದಕ್ಕೇ ಇಲ್ಲಿ ಹಾಡಹಗಲೇ ಲಾರಿಯಲ್ಲಿ ಗೊರಕೆ ಹೊಡೆಯುವ ಡ್ರೈವರನ್ನು ಯಾರೂ ಸೋಮಾರಿ ಎನ್ನುವುದಿಲ್ಲ. ಹೊಸ ಕಾರು ಕೊಂಡವರು ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಆಮೇಲೆ ಮನೆಯ ಹಿರಿಯರೊಬ್ಬರನ್ನು ಹಿಂದಿನ ಸೀಟಿನಲ್ಲಿ ಮಲಗಿಸುತ್ತಾರೆ. ಭಾನುವಾರ ಊಟವಾದ ಮೇಲೆ ಬ್ಯಾಂಕಿನ ಮ್ಯಾನೇಜರೂ ಅವರ ಹೆಂಡತಿಯೂ ಬಗಲಲ್ಲಿ ದಿಂಬು ಇಟ್ಟುಕೊಂಡು ತಮ್ಮ ಕಾರಿನ ಕಡೆ ನಡೆದುಹೋಗುತ್ತಾರೆ. ಸಂಜೆ ಎದುರುಮನೆಯವರು ಸಿಕ್ಕರೆ, ಕಾಫಿ ಆಯ್ತಾ ಎಂದು ಕೇಳುವಷ್ಟೇ ಸಲೀಸಾಗಿ, ಕಾರಿಗೆ ನಿದ್ದೆ ಆಯ್ತಾ ಎಂದು ಕೇಳುತ್ತಾರೆ. ಸ್ಕೂಟರಿನವರ ಪಾಡು ಮಾತ್ರ ಬೇಡ. ಅದರ ಮೇಲೆ ಮಲಗುವುದಾದರೂ ಹೇಗೆ? ಪಾಪ, ಸರಪಳಿ ಹಾಕಿ ಕಿಟಕಿಯ ಸರಳಿಗೆ ಕಟ್ಟಿಕೊಳ್ಳುತ್ತಾರೆ.

ಬಿಟ್ಟುಹೋದ ಗಾಡಿಗಳ ಕಥೆ ಬೇರೆ. ಯಾರೂ ಮಲಗದೆ ಬಿಟ್ಟರೆ ಹಳೆಯ ನಿದ್ದೆಯೆಲ್ಲ ಮೆಲ್ಲಗೆ ಆವಿಯಾಗಿಹೋಗಿ ಗಾಡಿ ಹಗುರಾಗುತ್ತದೆ. ಆಷಾಢದ ಗಾಳಿ ಬೀಸತೊಡಗಿದರೆ ಮುಗಿಯಿತು, ಊರ ತುಂಬ ಗಾಡಿಗಳದ್ದೇ ಓಡಾಟ. ಒಂದು ವರ್ಷ ಕೋರ್ಟಿನ ಬೀದಿಯಲ್ಲಿ ಬಿಟ್ಟಿದ್ದ ಅಂಬಾಸಿಡರ್ ಕಾರೊಂದು ಹೈಸ್ಕೂಲಿನ ಕಾಂಪೌಂಡು ಹಾರಿ, ಹೆಡ್‌ಮಾಸ್ಟರ ಹೆಂಡತಿ ಒಣಹಾಕಿದ್ದ ಹಪ್ಪಳದ ಮೇಲೆ ಹೋಗಿ ಕೂತಿತ್ತು. ಆಯಮ್ಮ ಒಬ್ಬರೇ ಅದನ್ನು ಎತ್ತಿ ಪಕ್ಕಕ್ಕಿಟ್ಟರಂತೆ. ಅವರಿಗೆ ಕಾರಿನದ್ದಲ್ಲ, ಹಪ್ಪಳದ್ದೇ ಸಂಕಟ. ಹಾಗಾಗಿ ಆಷಾಢ ಬರುವುದರೊಳಗೆ ವಾರಸುದಾರರಿಲ್ಲದ ಗಾಡಿಗಳನ್ನೆಲ್ಲ ಎತ್ತಿ ತಂದು ಹಳೆಯ ಹತ್ತಿ ಮಿಲ್ಲಿನ ಅಂಗಳದಲ್ಲಿ ಕಟ್ಟಿಹಾಕಿ ಗುಜರಿಯವರಿಗೆ ಒಪ್ಪಿಸುವುದು ನಮ್ಮ ಶಾಖೆಯ ಕೆಲಸ.

ಅದೇನೂ ಕಷ್ಟದ್ದಲ್ಲ. ಕಷ್ಟ ಇರುವುದು ಜನ ವಾಸ ಮಾಡಿಕೊಂಡಿರುವ ಗಾಡಿಗಳಲ್ಲಿ. ಒಂದೇ ಜಾಗದಲ್ಲಿ ಮೂರು ಮಳೆಗಾಲ ನಿಂತ ಅಂಥ ಗಾಡಿಯನ್ನು ಒಂದು ಸಲ ಎತ್ತಿ ನೋಡಬೇಕು. ಎದ್ದರೆ ಅದು ವಾಹನ. ರಸ್ತೆ ತೆರವು ಮಾಡಿ ಮಿಲ್ಲಿನ ಅಂಗಳಕ್ಕೆ ಸಾಗಿಸಬೇಕು, ಒಳಗಿದ್ದವರು ಗಂಟುಮೂಟೆ ಕಟ್ಟಿಕೊಂಡು ತಮ್ಮ ದಾರಿ ನೋಡಿಕೊಳ್ಳಬೇಕು. ಏಳದಿದ್ದರೆ ಅದು ಮನೆ. ಬಾಗಿಲಿಗೆ ನಂಬರು ಬರೆದು, ನಲ್ಲಿ ಹಾಕಿಕೊಟ್ಟು, ಕೈಮುಗಿದು ಬರಬೇಕು. ಸಂಸಾರವಂದಿಗರಿಗೆ ಇದೇನೂ ದೊಡ್ಡದಲ್ಲ. ಗಂಡ, ಹೆಂಡತಿ, ಮಕ್ಕಳು, ಮೇಲೊಬ್ಬಳು ಅಜ್ಜಿ ಮೂರು ವರ್ಷ ಮಲಗಿದ ವ್ಯಾನು ಅಲ್ಲಾಡುವುದಿಲ್ಲ. ಅದರಲ್ಲೂ ಮಕ್ಕಳ ನಿದ್ದೆ ಬಲು ಭಾರ. ಒಂಟಿ ಜೀವಗಳದ್ದೇ ಪೇಚು.

ತಿಮ್ಮಾಜಮ್ಮ ಅಂಥ ಒಂಟಿ ಜೀವ. ಮುಚ್ಚಿಹೋದ ಟಾಕೀಸಿನ ಗೋಡೆಗೆ ಒರಗಿದಂತೆ ನಿಂತಿದ್ದ ಹಸಿರು ಮಟಾಡೋರ್ ವ್ಯಾನು ಅವಳದು. ಅವಳೂ ಅವಳ ಗಂಡ ಓಬಳಯ್ಯನೂ ಆ ಗಾಡಿಯಲ್ಲಿ ಊರೂರು ತಿರುಗಿ ಸ್ಕೂಲ್ ಬ್ಯಾಗು, ಸೂಟ್‌ಕೇಸು, ಛತ್ರಿ ರಿಪೇರಿ ಮಾಡುತ್ತಿದ್ದರು. ನಮ್ಮೂರಿಗೆ ಬಂದಾಗ ಗಾಡಿಯ ಇಂಜಿನ್ ಕೆಟ್ಟಿತು. ರಿಪೇರಿಯ ಮಾತು ಮುಂದಕ್ಕೆ ಹೋಗುತ್ತಾ ಹೋಗುತ್ತಾ ಇಲ್ಲೇ ನಿಂತುಬಿಟ್ಟರು. ಒಂದು ವರ್ಷ ಕಳೆಯುವುದರೊಳಗೆ ಓಬಳಯ್ಯ ಎದೆನೋವು ಅಂದವನು ಆಸ್ಪತ್ರೆ ಸೇರಿ ವಾಪಸ್ಸು ಬರಲಿಲ್ಲ. ಆಮೇಲೆ ಅವಳು ಒಬ್ಬಳೇ ಹೊಲಿಗೆ ಮಿಷನ್ ತುಳಿಯುತ್ತಾ, ಜಿಪ್ಪು ಕೂರಿಸುತ್ತಾ ಅಲ್ಲೇ ಉಳಿದಳು. ಊರಿನ ಸ್ಕೂಲು ಮಕ್ಕಳ ಬ್ಯಾಗುಗಳಲ್ಲಿ ಅವಳ ಕೈ ಕಾಣದ ಬ್ಯಾಗು ಇರಲಿಲ್ಲ. ಗಾಡಿಯಲ್ಲಿ ಜೀವ ಉಳಿದಿದ್ದ ಒಂದೇ ಭಾಗ ಹಾರ್ನು. ಮಕ್ಕಳು ಕಿಟಕಿಯೊಳಗೆ ಕೈ ತೂರಿಸಿ ಪೊಂಯ್ಞ್ ಎನ್ನಿಸಿದರೆ, ‘ಬಂದೆ ಕಣ್ರೋ, ಕಿವಿ ಹೊಡೀಬ್ಯಾಡ್ರಿ’ ಎಂದು ಹಿಂದಿನಿಂದ ಇಳಿದು ಬರುತ್ತಿದ್ದಳು.

ಮೂರನೆಯ ಮಳೆಗಾಲ ಮುಗಿದು ಬೇಸಿಗೆ ಏರುತ್ತಿದ್ದ ಹೊತ್ತಿನಲ್ಲಿ ಅವಳ ಗಾಡಿಗೆ ನೋಟೀಸು ಅಂಟಿಸಿದವನು ನಾನೇ. ಅವಳು ನೋಟೀಸನ್ನು ಓದಲೂ ಇಲ್ಲ, ನನ್ನನ್ನೇ ಕೇಳಿದಳು.

‘ಈರಣ್ಣ, ಒಂದ್ಕಿತ ಭುಜ ಕೊಟ್ಟು ನೋಡು. ಏಳ್ತೈತಾ?’

ನಾನು ಹಿಂದಿನ ಬಂಪರಿಗೆ ಭುಜ ಕೊಟ್ಟೆ. ಗಾಡಿ ಏಳಲಿಲ್ಲ, ಆದರೆ ಅಲ್ಲಾಡಿತು. ಮನುಷ್ಯನ ಭುಜಕ್ಕೆ ಅಲ್ಲಾಡಿದ್ದು ಕ್ರೇನಿಗೆ ಏಳದೆ ಇರುತ್ತದೆಯೇ? ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

‘ನಂಗೆ ಗೊತ್ತಿತ್ತು ಕಣಣ್ಣ,’ ಅಂದಳು. ‘ಇದ್ರಲ್ಲಿರೋದೆಲ್ಲ ನಮ್ಮನೇರ ನಿದ್ದೆ. ಅವ್ರು ಮಲ್ಕಂಡ್ರೆ ಕಲ್ಲುಗುಂಡು. ನಾನು ಅವ್ರು ಹೋದಾಗಿಂದ ಸರಿಯಾಗಿ ಒಂದು ದಿನ ಕಣ್ಣು ಮುಚ್ಚಿಲ್ಲ. ದಿನಾ ಬೆಳಿಗ್ಗೆ ಎದ್ದು ಇಳಿವಾಗ ಕಾಲಿಗೆ ಗೊತ್ತಾಯ್ತದೆ, ಗಾಡಿ ಒಂಚೂರು ಹಗುರಾಗಿರ್ತದೆ. ಅವ್ರು ದಿನಾ ಒಂಚೂರು ಹೋಯ್ತಾ ಅವ್ರೆ.’

ನಾನು ನೋಟೀಸಿನ ಮೂಲೆಯನ್ನು ಮತ್ತೊಮ್ಮೆ ಒತ್ತಿ ಅಂಟಿಸಿ, ‘ಇನ್ನೂ ಆಷಾಢಕ್ಕೆ ಟೈಮಿದೆ, ತಲೆಗೆ ಎಣ್ಣೆ ಇಟ್ಕೊಂಡು ಚೆನ್ನಾಗಿ ನಿದ್ದೆ ಮಾಡಕ್ಕಾ’ ಎಂದು ಹೇಳಿ ಬಂದೆ. ನಿದ್ದೆ ಮಾಡು ಎಂದು ಹೇಳಿಸಿಕೊಂಡು ನಿದ್ದೆ ಮಾಡಿದವರು ಲೋಕದಲ್ಲಿ ಯಾರಾದರೂ ಇದ್ದಾರೆಯೇ? ನಿದ್ದೆ ಬರದಿದ್ದರೆ ಗಾಡಿ ಹೋಗುತ್ತದೆ ಎಂಬ ಭಯಕ್ಕೆ ಅವಳಿಗೆ ಬರುತ್ತಿದ್ದ ಕೋಳಿನಿದ್ದೆಯೂ ಹಾರಿಹೋಯಿತು. ದಿನಾ ಸಂಜೆ ಡ್ಯೂಟಿ ಮುಗಿಸಿ ಆ ದಾರಿಯಲ್ಲಿ ಹೋಗುವಾಗ ನಾನು ಭುಜ ಕೊಟ್ಟು ನೋಡುವುದು, ಅವಳು ನನ್ನ ಮುಖ ನೋಡುವುದು ನಡೆದೇ ಇತ್ತು. ಗಾಡಿ ಮೊದಲು ಅಲ್ಲಾಡುತ್ತಿದ್ದದ್ದು ಆಮೇಲೆ ತೂಗಾಡತೊಡಗಿತು.

ಎದುರಿಗೇ ಸೋಡಾ ಅಂಗಡಿ ಇಟ್ಟುಕೊಂಡಿದ್ದ ಬೈಲಪ್ಪ ಒಳ್ಳೆಯ ಮನುಷ್ಯ. ಅವನ ಗೊರಕೆ ಇಡೀ ಬೀದಿಗೇ ಹೆಸರುವಾಸಿ. ‘ಅಕ್ಕಾ, ನೀನು ನಮ್ಮನೇಲಿ ನನ್ನ ಹೆಂಡ್ತಿ ಜೊತೆ ಮಲ್ಕೋ. ನಾನು ಒಂದು ವಾರ ನಿನ್ನ ಗಾಡೀಲಿ ಮಲಗ್ತೀನಿ. ಆಮೇಲೆ ಕ್ರೇನಲ್ಲ, ಅದರಪ್ಪ ಬಂದ್ರೂ ಏಳ್ಬಾರ್ದು, ಹಂಗೆ ಮಾಡ್ತೀನಿ’ ಎಂದು ಮೀಸೆ ತಿರುವಿದ. ಬೇರೆಯವರ ನಿದ್ದೆಯನ್ನು ಇಸಿದುಕೊಳ್ಳಬಾರದು ಎಂದು ನಮ್ಮ ನಿಯಮದಲ್ಲಿ ಎಲ್ಲಿಯೂ ಇಲ್ಲ. ನಮಗೆಲ್ಲ ಖುಷಿಯಾಯಿತು. ಆದರೆ ಮಾರನೆಯ ಬೆಳಿಗ್ಗೆ ಬೈಲಪ್ಪ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದ. ಹುಟ್ಟಿದಾಗಿನಿಂದ ತನ್ನ ಮಂಚ ಬಿಟ್ಟು ಬೇರೆ ಕಡೆ ಮಲಗಿದವನಲ್ಲವಂತೆ. ಮಾವನ ಮನೆಗೆ ಹೋದರೂ ರಾತ್ರಿ ವಾಪಸ್ಸು ಬರುತ್ತಿದ್ದನಂತೆ. ಎರಡನೆಯ ದಿನ ಜೊತೆಗಿರಲಿ ಎಂದು ಗೆಳೆಯರನ್ನು ಕರೆದುಕೊಂಡ. ಅವರು ಬೆಳಗಿನವರೆಗೂ ಇಸ್ಪೀಟು ಆಡಿ ನಕ್ಕಿದ್ದೇ ನಕ್ಕಿದ್ದು. ನಗುವಿಗೆ ತೂಕವಿಲ್ಲ. ಮೂರನೆಯ ದಿನ ತಿಮ್ಮಾಜಮ್ಮನೇ ಕೈಮುಗಿದು, ‘ಬ್ಯಾಡಪ್ಪ ಬೈಲಪ್ಪ, ನಿನ್ನ ಮನಸ್ಸು ದೊಡ್ಡದು, ನಿನ್ನ ಮಂಚಕ್ಕೆ ನೀನು ಹೋಗು’ ಎಂದು ಕಳಿಸಿದಳು.

ಇನ್ನು ನಮ್ಮ ಇನ್ಸ್‌ಪೆಕ್ಟರ ವಿಷಯ ಹೇಳಬೇಕು. ಪದ್ಮರಾಜಯ್ಯ ಎಂದು ಅವರ ಹೆಸರು. ಬಡಕಲು ಶರೀರ, ಗೆರೆ ಮುರಿಯದ ಇಸ್ತ್ರಿ ಶರ್ಟು, ನೀರನ್ನು ಕೂಡ ಮನೆಯಿಂದ ತರುವ ಶುದ್ಧಹಸ್ತ. ಹಗಲು ಹೊತ್ತು ಕಣ್ಣು ಮುಚ್ಚುವ ಅಭ್ಯಾಸವೇ ತಮಗಿಲ್ಲ ಎಂದು ಅವರು ಹೇಳಿಕೊಳ್ಳುತ್ತಿದ್ದರು. ಆ ಮಾತು ಹೇಳುವಾಗ ಮಾತ್ರ ನನ್ನ ಕಡೆಗೂ ಡ್ರೈವರ್ ಮಸ್ತಾನ್ ಕಡೆಗೂ ನೋಡುತ್ತಿದ್ದರು. ಅವರು ಅಷ್ಟು ಬಿಗಿಯಾಗಿದ್ದಕ್ಕೂ ಕಾರಣವಿತ್ತು. ಹಿಂದಿನ ಇನ್ಸ್‌ಪೆಕ್ಟರ ಕಾಲದಲ್ಲಿ ಯಾರೋ ಟೆಂಪೋದ ಸೀಟಿನಡಿ ಮರಳು ಮೂಟೆ, ಒರಳುಕಲ್ಲು ತುಂಬಿ ಮನೆ ನಂಬರು ಗಿಟ್ಟಿಸಿದರು. ಆಮೇಲೆ ಮರಳನ್ನು ಮಾರಿಕೊಂಡರು. ಆಷಾಢದಲ್ಲಿ ಆ ‘ಮನೆ’ ನಲ್ಲಿಯ ಪೈಪನ್ನೂ ಕಿತ್ತುಕೊಂಡು ಹಾರಿಹೋಗಿ, ಬೀದಿಗೆಲ್ಲ ಎರಡು ದಿನ ನೀರಿರಲಿಲ್ಲ. ಪದ್ಮರಾಜಯ್ಯನವರು ಬಂದಮೇಲೆ ಕಿವಿ ಪರೀಕ್ಷೆ ಕಡ್ಡಾಯವಾಯಿತು. ಕ್ರೇನ್ ಹಾಕುವ ಮೊದಲು ನಾವು ಮೂವರೂ ಒಬ್ಬರಾದ ಮೇಲೆ ಒಬ್ಬರು ಗಾಡಿಯೊಳಗೆ ಹೋಗಿ ಮಲಗಿ, ಸೀಟಿಗೆ ಕಿವಿ ಹಚ್ಚಿ ಕೇಳಬೇಕು. ಕಲ್ಲಿನ ತೂಕ ಏನೂ ಮಾತಾಡುವುದಿಲ್ಲ. ನಿದ್ದೆಯ ತೂಕವಾದರೆ ತಳದಲ್ಲಿ ಸಣ್ಣಗೆ ಉಸಿರಾಡುವ ಸದ್ದು ಇರುತ್ತದೆ.

ಗೊತ್ತು ಮಾಡಿದ ದಿನ ಬಂತು. ಅವತ್ತೇ ನಮ್ಮ ಆಫೀಸಿನ ಹೆಡ್ ಕ್ಲಾರ್ಕ್ ಮಗಳ ಮದುವೆ. ಊಟಕ್ಕೆ ಹೋಗದಿದ್ದರೆ ಅವರು ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಇನ್ಸ್‌ಪೆಕ್ಟರೂ ಬಂದರು. ಕಾಯಿ ಹೋಳಿಗೆ, ಮೇಲೆ ಕಾಯಿಸಿದ ತುಪ್ಪ, ಬೂದುಗುಂಬಳದ ಮಜ್ಜಿಗೆಹುಳಿ, ಚಿತ್ರಾನ್ನ. ಹೆಡ್ ಕ್ಲಾರ್ಕ್ ಖುದ್ದಾಗಿ ಪಂಕ್ತಿಯಲ್ಲಿ ನಿಂತು, ‘ಸಾರ್ಗೆ ಇನ್ನೊಂದು ಹಾಕ್ರಪ್ಪ, ಇನ್ನೊಂದು’ ಎಂದು ಬಡಿಸಿಸಿದರು. ಬೇಡ ಎನ್ನಲು ಎಲೆಗೆ ಅಡ್ಡ ಹಿಡಿದ ಪದ್ಮರಾಜಯ್ಯನವರ ಕೈಯ ಮೇಲೂ ಒಂದು ಹೋಳಿಗೆ ಬಿತ್ತು. ಬಿದ್ದದ್ದನ್ನು ಚೆಲ್ಲುವ ಜಾಯಮಾನ ಅವರದಲ್ಲ. ಅಲ್ಲಿಂದ ಮೂವರೂ ಕ್ರೇನ್ ಹತ್ತಿ ಟಾಕೀಸಿನ ಹತ್ತಿರ ಬಂದಾಗ ಬಿಸಿಲು ನೆತ್ತಿ ಬಿಟ್ಟು ಸ್ವಲ್ಪ ವಾಲಿತ್ತು, ರಸ್ತೆಯಲ್ಲಿ ನಾಯಿ ಕೂಡ ಇರಲಿಲ್ಲ.

ತಿಮ್ಮಾಜಮ್ಮ ಒಗೆದ ಸೀರೆ ಉಟ್ಟು, ತಲೆ ಬಾಚಿ, ಹೊಲಿಗೆ ಮಿಷನ್ನನ್ನು ಆಗಲೇ ಕೆಳಗಿಳಿಸಿ ಗೋಣಿ ಹೊದಿಸಿದ್ದಳು. ಪಾತ್ರೆಗಳೂ ಒಂದು ಚೀಲದಲ್ಲಿ ಕಟ್ಟಿ ತಯಾರಾಗಿದ್ದವು. ಎಲ್ಲಿಗೆ ಹೋಗುತ್ತಾಳೋ ನನಗೆ ಗೊತ್ತಿರಲಿಲ್ಲ. ಅವಳೇ ನಮ್ಮ ಮೂವರಿಗೂ ದೊಡ್ಡ ದೊಡ್ಡ ಲೋಟದಲ್ಲಿ ಮಜ್ಜಿಗೆ ಕೊಟ್ಟಳು. ಶುಂಠಿ, ಕರಿಬೇವು ಜಜ್ಜಿ ಹಾಕಿದ ತಣ್ಣನೆಯ ಮಜ್ಜಿಗೆ. ಪದ್ಮರಾಜಯ್ಯನವರು ಒಂದು ಕ್ಷಣ ಅನುಮಾನಿಸಿದರು. ಆಮೇಲೆ ಹೋಳಿಗೆಯ ನೆನಪಾಯಿತೋ ಏನೋ, ಕುಡಿದರು.

‘ಶುರು ಮಾಡಿ,’ ಅಂದರು. ‘ಮೊದಲು ಮಸ್ತಾನ್.’

ಮಸ್ತಾನ್ ಸಾಬರದು ಭಾರೀ ಶರೀರ. ಚಪ್ಪಲಿ ಬಿಟ್ಟು, ಹಿಂದಿನ ಬಾಗಿಲಿಂದ ಹತ್ತಿ, ಒಳಗಿನ ಹಾಸಿಗೆಯ ಮೇಲೆ ಮಗ್ಗುಲಾಗಿ ಕಿವಿ ಹಚ್ಚಿದರು. ಆ ಹಾಸಿಗೆಯನ್ನೂ ಹೇಳಬೇಕು. ಹಳೆಯ ಬ್ಯಾಗುಗಳ ಬಟ್ಟೆಯನ್ನೆಲ್ಲ ಚೌಕ ಚೌಕ ಕತ್ತರಿಸಿ ತಿಮ್ಮಾಜಮ್ಮ ಹೊಲಿದಿದ್ದ ಕೌದಿ ಅದು. ತಿಕ್ಕಿ ತಿಕ್ಕಿ ಮೆತ್ತಗಾದ ಬಟ್ಟೆ. ದಿಂಬೂ ಅದೇ ಜಾತಿಯದು, ಪಕ್ಕಕ್ಕೊಂದು ಜಿಪ್ಪು. ಟಾಕೀಸಿನ ಗೋಡೆಯ ನೆರಳು ಬೇರೆ. ಒಂದು ಕಿಟಕಿಯಿಂದ ಬಂದ ಗಾಳಿ ಇನ್ನೊಂದರಿಂದ ಹೋಗುತ್ತಿತ್ತು.

ನಾವು ಕಾದೆವು. ಮಸ್ತಾನ್ ಸಾಬರು ಇಳಿಯಲಿಲ್ಲ.

‘ಮಸ್ತಾನ್, ಏನು ಕೇಳಿಸ್ತು?’ ಇನ್ಸ್‌ಪೆಕ್ಟರು ಕೂಗಿದರು. ಒಳಗಿನಿಂದ ಬಂದದ್ದು ಉತ್ತರವಲ್ಲ, ಸಣ್ಣ ಸಿಳ್ಳೆಯಂಥ ಗೊರಕೆ. ಪದ್ಮರಾಜಯ್ಯನವರ ಮುಖ ಕೆಂಪಾಯಿತು. ‘ಡ್ಯೂಟಿ ಮೇಲೆ! ಹಾಡಹಗಲು!’ ಎನ್ನುತ್ತಾ ತಾವೇ ಹತ್ತಿದರು. ಎಬ್ಬಿಸಲೆಂದೇ ಹತ್ತಿದರು, ಅದರಲ್ಲಿ ಅನುಮಾನ ಬೇಡ. ಆದರೆ ಶಿಸ್ತಿನ ಮನುಷ್ಯ. ಹೇಗೂ ಹತ್ತಿದ್ದೇನಲ್ಲ, ನನ್ನ ಪರೀಕ್ಷೆಯನ್ನೂ ಮುಗಿಸಿಯೇ ಇವನನ್ನು ವಿಚಾರಿಸಿಕೊಳ್ಳುತ್ತೇನೆ ಎಂದುಕೊಂಡಿರಬೇಕು. ಶರ್ಟಿನ ಇಸ್ತ್ರಿ ಮುದುಡದಂತೆ ಜೋಪಾನವಾಗಿ ಮಲಗಿ, ದಿಂಬಿಗೆ ಕೆನ್ನೆ ಇಟ್ಟು, ಕಿವಿ ಹಚ್ಚಿದರು. ಕಿವಿ ಹಚ್ಚುವಾಗ ಗಮನ ಹೆಚ್ಚಲಿ ಎಂದು ಕಣ್ಣು ಮುಚ್ಚಬೇಕೆಂಬುದು ಅವರೇ ಮಾಡಿದ ನಿಯಮ.

ನಾನು ಸ್ವಲ್ಪ ಹೊತ್ತು ಬಿಟ್ಟು ಇಣುಕಿದೆ. ನಮ್ಮ ಇನ್ಸ್‌ಪೆಕ್ಟರ ಬಾಯಿ ಅರ್ಧ ತೆರೆದಿತ್ತು. ಹಣೆಯ ಮೇಲೆ ಯಾವಾಗಲೂ ಇರುತ್ತಿದ್ದ ಗಂಟು ಬಿಚ್ಚಿತ್ತು. ಅಷ್ಟು ಚಿಕ್ಕ ವಯಸ್ಸಿನವರು ಎಂದು ನನಗೆ ಅವತ್ತೇ ಗೊತ್ತಾದದ್ದು.

‘ಅಣ್ಣ, ಎಬ್ಬಿಸು,’ ತಿಮ್ಮಾಜಮ್ಮ ಪಿಸುಗುಟ್ಟಿದಳು. ‘ಯಾರಾನಾ ನೋಡಿದ್ರೆ ಅವ್ರ ನೌಕರಿಗೆ ಸಂಚಕಾರ.’

‘ಸರ್ಕಾರಿ ನೌಕರರನ್ನ ಎಬ್ಬಿಸೋಕೆ ಮೇಲಿಂದ ಆರ್ಡರ್ ಬರಬೇಕಕ್ಕಾ,’ ಅಂದೆ. ‘ನಂಗೆಲ್ಲಿದೆ ಆ ಅಧಿಕಾರ?’

ಅವಳಿಗೆ ನಗು ಬಂತು, ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಹಾಗೆ ತಮಾಷೆ ಮಾಡಿದರೂ ಒಳಗೊಳಗೆ ಲೆಕ್ಕ ಹಾಕುತ್ತಿದ್ದೆ. ಕೊಕ್ಕೆ ಹಾಕಿ ಎಷ್ಟೋ ಜನರ ಗಾಡಿ ಎತ್ತಿದವನು ನಾನು. ಎತ್ತಿದ ಗಾಡಿಯ ಹಿಂದೆ ಪಾತ್ರೆ ಚೀಲ ಹಿಡಿದು ನಿಂತವರ ಮುಖವನ್ನು ಮಾತ್ರ ನೋಡುತ್ತಿರಲಿಲ್ಲ. ಇವತ್ತು ಆ ಚೀಲ ನನ್ನ ಕಾಲ ಬಳಿಯೇ ಇತ್ತು. ಒಂದು ಕೆಮ್ಮು ಕೆಮ್ಮಿದ್ದರೂ ಸಾಕಿತ್ತು, ಇಬ್ಬರೂ ಎದ್ದು ಕೂರುತ್ತಿದ್ದರು. ನಾನು ಕೆಮ್ಮಲಿಲ್ಲ. ಎರಡು ಖಾಲಿ ಸೋಡಾ ಪೆಟ್ಟಿಗೆಗಳನ್ನು ಬೈಲಪ್ಪನಿಂದ ಇಸಿದುಕೊಂಡು ಬಂದು ನೆರಳಿಗೆ ಹಾಕಿದೆ. ಇಬ್ಬರೂ ಕೂತೆವು. ನೊಣ ಕೂರದಂತೆ ಅವಳು ಕಿಟಕಿಯಿಂದ ಕೈ ಹಾಕಿ ರಟ್ಟಿನ ತುಂಡಿನಲ್ಲಿ ಇನ್ಸ್‌ಪೆಕ್ಟರ ಮುಖಕ್ಕೆ ಗಾಳಿ ಹಾಕುತ್ತಿದ್ದಳು.

‘ನಮ್ಮನೇರೂ ಹಿಂಗೇ ಬಾಯಿ ಬಿಟ್ಕಂಡು ಮಲಗ್ತಿದ್ರು,’ ಅಂದಳು. ‘ನಾನು ನೊಣ ಹೋಯ್ತದೆ ಅಂತ ಗದ್ದ ಒತ್ತಿ ಮುಚ್ತಿದ್ದೆ, ಅವ್ರು ಮತ್ತೆ ಬಿಡ್ತಿದ್ರು.’ ಅಷ್ಟು ಹೇಳಿ ರಟ್ಟನ್ನು ಇನ್ನೊಂದು ಕೈಗೆ ಬದಲಿಸಿಕೊಂಡಳು. ಸೋಡಾ ಅಂಗಡಿಯಲ್ಲಿ ಬೈಲಪ್ಪ ಗೋಲಿ ಸೋಡಾ ಒಡೆಯುವುದನ್ನೂ ನಿಲ್ಲಿಸಿ, ಬಂದ ಗಿರಾಕಿಗಳಿಗೆಲ್ಲ ಬಾಯಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದ.

ಸ್ಕೂಲು ಬಿಟ್ಟಿತು. ಮಕ್ಕಳನ್ನು ತಡೆಯಲು ನಾನು ಓಡುವುದರೊಳಗೆ ಒಬ್ಬಳು ಎರಡು ಜಡೆಯ ಹುಡುಗಿ ಕಿಟಕಿಗೆ ಕೈ ತೂರಿಸಿ ಹಾರ್ನು ಒತ್ತಿಯೇಬಿಟ್ಟಳು. ಪೊಂಯ್ಞ್! ಮಸ್ತಾನ್ ಸಾಬರು ‘ಯಾ ಅಲ್ಲಾ’ ಎಂದು ಎದ್ದು ತಲೆಯನ್ನು ತಗಡಿಗೆ ಬಡಿಸಿಕೊಂಡರು. ಪದ್ಮರಾಜಯ್ಯನವರು ದಡಬಡಿಸಿ ಇಳಿದು, ಶರ್ಟು ಸರಿಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ ಗಂಟಲು ಸರಿಮಾಡಿಕೊಂಡರು. ಅವರ ಎಡಗೆನ್ನೆಯ ಮೇಲೆ ಕಿವಿಯ ಬುಡದಿಂದ ತುಟಿಯ ಅಂಚಿನವರೆಗೆ ದಿಂಬಿನ ಜಿಪ್ಪು ಹಲ್ಲುಹಲ್ಲಾಗಿ ಅಚ್ಚೊತ್ತಿತ್ತು. ನಮಗೆಲ್ಲ ಕಾಣುತ್ತಿತ್ತು, ಅವರೊಬ್ಬರಿಗೆ ಕಾಣುತ್ತಿರಲಿಲ್ಲ.

‘ಕ್ರೇನ್ ಹಾಕಿ,’ ಅಂದರು.

ನಾನು ಕೊಕ್ಕೆ ಹಾಕಿದೆ. ಮಸ್ತಾನ್ ಸಾಬರು ಲಿವರ್ ಎಳೆದರು. ಸರಪಳಿ ಬಿಗಿಯಾಯಿತು, ಇಂಜಿನ್ ಹೊಗೆ ಉಗುಳಿತು. ತಿಮ್ಮಾಜಮ್ಮ ಕಣ್ಣು ಮುಚ್ಚಿಕೊಂಡಳು. ಕಿರ್ರ್ ಎಂದು ಸದ್ದಾಗಿ ನೆಲ ಬಿಟ್ಟು ಮೇಲೆದ್ದದ್ದು ಮಟಾಡೋರ್ ಅಲ್ಲ, ನಮ್ಮ ಕ್ರೇನಿನ ಮುಂದಿನ ಚಕ್ರಗಳು. ಸೀಟಿನ ಸಮೇತ ಆಕಾಶಕ್ಕೆ ಮುಖ ಮಾಡಿದ ಮಸ್ತಾನ್ ಸಾಬರು ‘ಏ ಈರಯ್ಯಾ, ಬಿಡ್ಸೋ, ಬಿಡ್ಸೋ’ ಎಂದು ಕೂಗಿಕೊಂಡರು. ಮಕ್ಕಳು ಚಪ್ಪಾಳೆ ತಟ್ಟಿದರು. ಬೈಲಪ್ಪ ಒಂದಾದ ಮೇಲೊಂದು ಸೋಡಾ ಒಡೆದ.

ಪದ್ಮರಾಜಯ್ಯನವರಿಗೆ ಮಾತ್ರ ಖುಷಿಯಾಗಲಿಲ್ಲ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಕೆಳಗೆ ನೋಡಿ, ಸೀಟಿನಡಿ ಕೈಯಾಡಿಸಿ ಬಂದರು. ಕಲ್ಲಿರಲಿಲ್ಲ. ‘ಈರಯ್ಯ, ನಿನ್ನ ಪರೀಕ್ಷೆ ಬಾಕಿ ಇದೆ. ಹತ್ತು’ ಅಂದರು.

ನಾನು ಹತ್ತಿ ಮಲಗಿದೆ. ನಿದ್ದೆ ಬಾರದಂತೆ ತೊಡೆ ಚಿವುಟಿಕೊಂಡು ಕಿವಿ ಹಚ್ಚಿದೆ. ಮೊದಲು ಕೇಳಿಸಿದ್ದು ಮಸ್ತಾನ್ ಸಾಬರ ಸಿಳ್ಳೆ. ಅದರ ಪಕ್ಕದಲ್ಲಿ ಅಳೆದು ಅಳೆದು ಬಿಡುತ್ತಿದ್ದ ಇನ್ನೊಂದು ಉಸಿರು, ಅದು ಇನ್ಸ್‌ಪೆಕ್ಟರದ್ದು. ಎಂದೂ ಹಗಲು ಮಲಗದವರ ಕೂಡಿಟ್ಟ ನಿದ್ದೆ, ಅಬ್ಬಾ ಏನು ಭಾರ! ಇನ್ನೂ ಕಿವಿಗೊಟ್ಟೆ. ಅವೆರಡರ ತಳದಲ್ಲಿ, ಬಹಳ ಆಳದಲ್ಲಿ, ಬಾಯಿ ತೆರೆದು ಮಲಗಿದವನ ನಿಧಾನದ ಉಸಿರೊಂದು ಬರುತ್ತಾ ಹೋಗುತ್ತಾ ಇತ್ತು. ನನಗೆ ಕಣ್ಣು ತುಂಬಿಬಂತು. ಒರೆಸಿಕೊಂಡು ಇಳಿದೆ.

‘ನಿದ್ದೆ ಸಾರ್. ಶುದ್ಧವಾದ ನಿದ್ದೆ.’

‘ಯಾರದು?’

ನಾನು ಬಾಯಿ ತೆರೆಯುವ ಮೊದಲೇ ತಿಮ್ಮಾಜಮ್ಮ ಮುಂದೆ ಬಂದಳು. ‘ಸಾರ್, ಸುಳ್ಳು ಹೇಳಿ ನಂಬರ್ ತಗಂಡ್ರೆ ಆ ಮನೇಲಿ ನಂಗೆ ಇನ್ನೂ ನಿದ್ದೆ ಬರಾಕಿಲ್ಲ. ಅದು ನಿಮ್ದು, ಸಾಬ್ರುದು. ನೀವಿಬ್ರೂ ಮಧ್ಯಾಹ್ನದಿಂದ ಮಲ್ಕಂಡಿದ್ರಿ. ನಂದು ಅದ್ರಲ್ಲಿ ಒಂದು ಹಿಡಿನೂ ಇಲ್ಲ.’

ಇಷ್ಟೆಲ್ಲ ಆಗಿ ಕೈಗೆ ಬಂದ ತುತ್ತನ್ನು ತಾನೇ ಚೆಲ್ಲಿಬಿಟ್ಟಳಲ್ಲ ಎನಿಸಿತು. ಬೈಲಪ್ಪ ಹಣೆ ಹಣೆ ಚಚ್ಚಿಕೊಂಡ. ಪದ್ಮರಾಜಯ್ಯನವರು ನೆಟ್ಟಗೆ ನಿಂತು, ‘ನಾನು ಪರೀಕ್ಷೆಗೆ ಮಲಗಿದ್ದು. ನಿದ್ದೆ ಮಾಡೋಕಲ್ಲ’ ಎಂದರು. ಎರಡು ಜಡೆಯ ಹುಡುಗಿ ಕಿಸಕ್ಕೆಂದು ನಕ್ಕು ತನ್ನ ಕೆನ್ನೆ ಮುಟ್ಟಿ ತೋರಿಸಿದಳು. ಅವರು ತಮ್ಮ ಕೆನ್ನೆ ಮುಟ್ಟಿ ನೋಡಿಕೊಂಡರು. ಬೆರಳು ಜಿಪ್ಪಿನ ಹಲ್ಲುಗಳ ಮೇಲೆ ಮೇಲಿನಿಂದ ಕೆಳಗಿನವರೆಗೆ ಮೆಲ್ಲಗೆ ಹರಿಯಿತು. ಅವರು ಹಾಗೆ ತಡವರಿಸಿ ನಿಂತದ್ದನ್ನು ನಾನು ಮೊದಲು ನೋಡಿದ್ದಿಲ್ಲ. ಕೋಪ ಬರುತ್ತದೆಂದು ಕಾದೆ. ಅವರು ಗಾಡಿಯನ್ನೂ, ಕಟ್ಟಿಟ್ಟ ಪಾತ್ರೆ ಚೀಲವನ್ನೂ, ಅವಳ ಕೈಯಲ್ಲಿ ಇನ್ನೂ ಇದ್ದ ರಟ್ಟಿನ ತುಂಡನ್ನೂ ನೋಡಿದರು.

‘ಗಾಳಿ ಹಾಕ್ತಿದ್ದಿದ್ದು ನೀವೇನಮ್ಮ?’

‘ನೊಣ ಇತ್ತು ಸಾರ್.’

ಅವರು ತಲೆಯಾಡಿಸಿದರು. ‘ನಮ್ಮನೇಲೂ ನಂಗೆ ಹಿಂಗೆ ನಿದ್ದೆ ಬರಲ್ಲ,’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡಂತೆ ಹೇಳಿ, ನನ್ನ ಕಡೆ ತಿರುಗಿ ದನಿ ಎತ್ತರಿಸಿದರು. ‘ನಿದ್ದೆ ಯಾರದ್ದಾದ್ರೇನಯ್ಯ, ಬಂದಿದ್ದು ಇಲ್ಲಿ. ನಾನೇ ಖುದ್ದಾಗಿ ಪರಿಶೀಲನೆ ಮಾಡಿದ್ದೀನಿ. ಏನು ನೋಡ್ತಾ ನಿಂತಿದ್ದೀಯ, ಬಣ್ಣದ ಡಬ್ಬ ತಗೊಂಡ್ಬಾ!’

ನಾನು ಓಡಿದ ಓಟವನ್ನು ನನ್ನ ಹೆಂಡತಿ ನೋಡಿದ್ದರೆ ಮತ್ತೆಂದೂ ನನ್ನನ್ನು ಸೋಮಾರಿ ಎನ್ನುತ್ತಿರಲಿಲ್ಲ. ಹಿಂದಿನ ಬಾಗಿಲಿಗೆ ಬಿಳಿಯ ಬಣ್ಣದಲ್ಲಿ ನಂಬರು ಬರೆದೆ. ಬೈಲಪ್ಪ ಎಲ್ಲರಿಗೂ ಪುಗಸಟ್ಟೆ ಸೋಡಾ ಹಂಚಿದ. ಹೊಲಿಗೆ ಮಿಷನ್ನನ್ನು ಮಸ್ತಾನ್ ಸಾಬರು ಒಬ್ಬರೇ ಎತ್ತಿ ಒಳಗಿಟ್ಟರು. ಇನ್ಸ್‌ಪೆಕ್ಟರು ಹೊರಡುವಾಗ, ನಲ್ಲಿ ಹಾಕಿಸುವ ದಿನ ತಾವೇ ಬಂದು ನೋಡುವುದಾಗಿ ಹೇಳಿದರು. ಅದಕ್ಕೆ ಇನ್ಸ್‌ಪೆಕ್ಟರು ಬರುವ ಅಗತ್ಯವೇನೂ ಇಲ್ಲ. ಆದರೆ ನಾವ್ಯಾರೂ ಹಾಗೆ ಹೇಳಲಿಲ್ಲ.

ಎಲ್ಲರೂ ಹೋದ ಮೇಲೆ ತಿಮ್ಮಾಜಮ್ಮ ನನ್ನನ್ನು ತಡೆದಳು. ‘ಈರಣ್ಣ, ದಿಟ ಹೇಳು. ನಮ್ಮನೇರು ಇನ್ನೂ ಒಳಗೆ ಅವ್ರಾ?’

‘ಇದ್ದಾರಕ್ಕಾ. ತಳದಲ್ಲಿದ್ದಾರೆ. ನಾನು ಕಿವಿಯಾರೆ ಕೇಳ್ದೆ.’

ಅವಳ ಮುಖ ನೋಡಬೇಕಿತ್ತು. ಗಾಡಿಯ ತಗಡಿನ ಮೇಲೆ ಕೈಯಿಟ್ಟು ನಿಂತಳು. ‘ಹಂಗಾದ್ರೆ ಇನ್ನು ಹೋಗಾಕಿಲ್ಲ ಬಿಡು,’ ಅಂದಳು. ‘ಮ್ಯಾಲೆ ಸಾರೂ ಸಾಬ್ರೂ ಮುಚ್ಚಳ ಹಾಕ್ದಂಗಾಯ್ತು.’ ಹಾಗೆಂದು ಅತ್ತಳು, ಅಳುತ್ತಲೇ ನಕ್ಕಳು. ಗೋಣಿ ಮಡಿಸುತ್ತಾ ಎರಡು ಸಲ ಆಕಳಿಸಿದಳು ಕೂಡ.

ಮಾರನೆಯ ಬೆಳಿಗ್ಗೆ ನನ್ನ ಮಗಳ ಬ್ಯಾಗು ಹಿಡಿದುಕೊಂಡು ಆ ಕಡೆ ಹೋದೆ. ಜಿಪ್ಪು ಹಾಳಾಗಿರಲಿಲ್ಲ, ಸುಮ್ಮನೆ ಒಂದು ನೆಪ. ಟಾಕೀಸಿನ ಗೋಡೆಯ ಉದ್ದಕ್ಕೂ ಸ್ಕೂಲು ಮಕ್ಕಳು ಬ್ಯಾಗು ಎದೆಗವಚಿಕೊಂಡು ಸಾಲಾಗಿ ನಿಂತಿದ್ದರು. ಸದ್ದಿಲ್ಲ, ಗದ್ದಲವಿಲ್ಲ. ಆ ಎರಡು ಜಡೆಯ ಹುಡುಗಿ ಕಿಟಕಿಗೆ ಅಡ್ಡವಾಗಿ ಕೈ ಚಾಚಿ ಕಾವಲು ನಿಂತಿದ್ದಳು. ಅಭ್ಯಾಸಬಲದಿಂದ ನಾನು ಬಂಪರಿಗೆ ಭುಜ ಕೊಟ್ಟೆ. ಟಾಕೀಸಿನ ಗೋಡೆಗೆ ಭುಜ ಕೊಟ್ಟಂತಿತ್ತು. ಒಳಗಿನಿಂದ ಹೆಂಗಸಿನ ಗೊರಕೆ, ಬೈಲಪ್ಪ ನಾಚಿಕೊಳ್ಳಬೇಕು ಅಂಥದ್ದು, ಬೀದಿಗೆಲ್ಲ ಕೇಳಿಸುತ್ತಿತ್ತು. ದೂರದಲ್ಲಿ ಸ್ಕೂಲಿನ ಗಂಟೆ ಹೊಡೆಯಿತು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ಹಾರ್ನು ಒತ್ತಲಿಲ್ಲ.